ಎಕ್ಸ್‌ರೇ ಫಿಲ್ಮು, ಕನ್ನಡಕದ ಗಾಜು, ಒಂದು ಕಿಟಕಿ: ಸುಡೆಕ್‌ನ ಹಿಂದೆ ಹೋಗಿ ಕಟ್ಟಿದ ಕ್ಯಾಮೆರಾ

ಜೂನ್ ಕೊನೇಲಿ ಅಂಗಳದ ಪಾಚಿ ಮೇಲೆ ಜಾರಿ ಬಿದ್ದು ಬಲಗೈ ಮಣಿಕಟ್ಟು ಮುರ್ಕೊಂಡೆ, ಆರು ವಾರ ಪ್ಲಾಸ್ಟರ್ ಅಂದ್ರು. ಮನೆಗೆ ಬಂದು ಎಕ್ಸ್‌ರೇ ಫಿಲ್ಮನ್ನ ಹಿಂದಿನ ರೂಮಿನ ಕಿಟಕಿಗೆ ಹಿಡಿದು ಮೂಳೆ ಎಲ್ಲಿ ಬಿರುಕು ಬಿಟ್ಟಿದೆ ಅಂತ ಅಮ್ಮಂಗೆ ತೋರಿಸ್ತಾ ಇದ್ದೆ, ಹೊರಗೆ ಜೋರು ಮಳೆ, ಗಾಜಿನ ತುಂಬಾ ಹನಿ, ಫಿಲ್ಮಿನ ಆ ಕಡೆಯಿಂದ ಹನಿಗಳೂ ಅಡಿಕೆ ಮರಗಳೂ ಮಸುಕು ಮಸುಕಾಗಿ ಕಾಣ್ತಾ ಇದ್ವು. ಸುಮ್ನೆ ಎಡಗೈನ ಅದರ ಮೇಲೆ ಇಟ್ಟು ನೋಡಿದ್ರೆ ಅಳತೆ ಹೆಚ್ಚು ಕಡಿಮೆ ಸರಿಯಾಗಿ ಕೂತ್ಕೊಳ್ತು. ಕೈ ಎಷ್ಟಿದ್ಯೋ ಚಿತ್ರಾನೂ ಅಷ್ಟೇ. ದೊಡ್ಡದು ಮಾಡಿಲ್ಲ, ಚಿಕ್ಕದು ಮಾಡಿಲ್ಲ.

ಆವಾಗ ನೆನಪಾಗಿದ್ದು ಯೋಸೆಫ್ ಸುಡೆಕ್. ಪ್ರಾಗ್ ಊರಿನ ಫೋಟೋಗ್ರಾಫರ್. ಅವನಿಗೆ ಬಲಗೈ ಪೂರ್ತಿ ಇರ್ಲಿಲ್ಲ, ಭುಜದ ತನಕ ತೆಗೆದಿದ್ರು. ತನ್ನ ಕಿಟಕಿಯನ್ನ ಹದಿನಾಲ್ಕು ವರ್ಷ ಫೋಟೋ ತೆಗೆದ ಮನುಷ್ಯ, ಅದಕ್ಕಿಂತ ಮುಖ್ಯವಾಗಿ 1940ರಿಂದ ಆಚೆಗೆ ನೆಗೆಟಿವ್‌ಗಳನ್ನ ದೊಡ್ಡದು ಮಾಡೋದನ್ನೇ ಬಿಟ್ಟು ನೆಗೆಟಿವ್ ಎಷ್ಟು ಅಳತೆ ಇದ್ಯೋ ಅಷ್ಟೇ ಅಳತೆಯ ಪ್ರಿಂಟ್ ಮಾಡ್ತಾ ಕೂತವನು. ನಾನು ಅವನ ಚಿತ್ರಗಳನ್ನ ಸ್ಕ್ರೀನ್ ಮೇಲೆ ಎಷ್ಟೋ ಸಲ ನೋಡಿದೀನಿ, ಇಷ್ಟ ಪಟ್ಟಿದೀನಿ, ಆದ್ರೆ ಈ ಒಂದು ವಿಷಯ ಮಾತ್ರ ಯಾವತ್ತೂ ಸರಿಯಾಗಿ ಅರ್ಥ ಆಗಿರ್ಲಿಲ್ಲ, ಚಿತ್ರ ದೊಡ್ಡದು ಮಾಡೋ ಯಂತ್ರ, ಎನ್‌ಲಾರ್ಜರ್, ಇರುವಾಗ ಅದನ್ನ ಯಾಕೆ ಬಿಡ್ಬೇಕು ಅಂತ. ಆರು ವಾರ ಮನೇಲೇ ಇರ್ಬೇಕು ತಾನೇ, ಒಂದು ದೊಡ್ಡ ನೆಗೆಟಿವ್ ಕ್ಯಾಮೆರಾ ಕಟ್ಟಿ, ಅದೇ ಕಿಟಕೀನ ತೆಗೆದು, ಕಾಂಟ್ಯಾಕ್ಟ್ ಪ್ರಿಂಟ್, ಅಂದ್ರೆ ನೆಗೆಟಿವನ್ನ ಕಾಗದದ ಮೇಲೇ ಒತ್ತಿಟ್ಟು ಅದೇ ಅಳತೆಯ ಪ್ರಿಂಟ್, ಮಾಡಿ ನೋಡೋಣ ಅಂತ ಶುರು ಮಾಡ್ದೆ. ಏನೇನು ಮಾಡ್ದೆ, ಎಲ್ಲೆಲ್ಲಿ ಕೆಡ್ತು ಅಂತ ಬರೀತೀನಿ, ಎಡಗೈಲಿ ಟೈಪ್ ಮಾಡಿದ್ದು, ಅಲ್ಲಲ್ಲಿ ತಪ್ಪಿದ್ರೆ ಓದ್ಕೊಳ್ಳಿ.

ಮೊದಲು ಫಿಲ್ಮು. ಇಷ್ಟು ದೊಡ್ಡ ಫೋಟೋ ಫಿಲ್ಮ್ ತರಿಸಿದ್ರೆ ಒಂದೊಂದು ಶೀಟಿಗೇ ಕೈ ಸುಡೋ ಬೆಲೆ. ಎಕ್ಸ್‌ರೇ ಫಿಲ್ಮ್ ಅಗ್ಗ, ಈಗ ಎಲ್ಲಾ ಕಡೆ ಡಿಜಿಟಲ್ ಆಗಿರೋದ್ರಿಂದ ಶಿವಮೊಗ್ಗದ ಒಂದು ಮೆಡಿಕಲ್ ಸಾಮಾನಿನ ಅಂಗಡೀಲಿ ತಾರೀಕು ಮುಗಿದ ಒಂದು ಡಬ್ಬಿ ಮೂಲೇಲಿ ಬಿದ್ದಿತ್ತು, 8×10 ಇಂಚು, ಹಸಿರು ಬೆಳಕಿಗೆ ಸ್ಪಂದಿಸೋ ಜಾತಿ. ಈ ಫಿಲ್ಮಿಗೆ ನೀಲಿ, ಹಸಿರು ಕಾಣುತ್ತೆ, ಕೆಂಪು ಕಾಣಲ್ಲ. ಹಾಗಾಗಿ ಕೆಂಪು ಬಲ್ಬ್ ಹಾಕ್ಕೊಂಡು ಕೆಲಸ ಮಾಡ್ಬಹುದು, ಗಾಢ ಕತ್ತಲೇಲಿ ತಡಕಾಡೋದು ತಪ್ಪುತ್ತೆ. ಎರಡೂ ಕಡೆ ಎಮಲ್ಷನ್, ಅಂದ್ರೆ ಬೆಳಕಿಗೆ ಸ್ಪಂದಿಸೋ ಲೇಪ, ಇರೋದ್ರಿಂದ ಉಲ್ಟಾ ಹಾಕಿದೆ ಅನ್ನೋ ಭಯಾನೂ ಇಲ್ಲ, ಒಂದೇ ಕೈಲಿ ಮಾಡೋರಿಗೆ ಇದು ದೊಡ್ಡ ಉಪಕಾರ. ಆದ್ರೆ ಅದೇ ಕಾರಣಕ್ಕೆ ಎರಡೂ ಕಡೆ ಗೀರು ಬೀಳುತ್ತೆ, ಉಗುರು ತಾಗಿದ್ರೆ ಸಾಕು.

8×10ನ ಸರಿ ಅರ್ಧ ಮಾಡಿದ್ರೆ 5×8, ಚೂರೂ ದಂಡ ಇಲ್ಲ. ಹಾಗಾಗಿ ಕ್ಯಾಮೆರಾ 5×8 ಅಂತ ನಿರ್ಧಾರ ಆಯ್ತು. ಕತ್ತರಿಸೋದು ಹೇಗೆ, ಒಂದು ಕೈ. ಸ್ಟೀಲ್ ಸ್ಕೇಲ್ ಇಟ್ಟು ಅದರ ಮೇಲೆ ಅಮ್ಮನ ಅರೆಯೋ ಗುಂಡುಕಲ್ಲು ಹೇರಿ, ಕಟರ್ ಎಳೆದೆ. ಫಿಲ್ಮಿನ ಕೆಳಗೆ ಒಂದು, ಮೇಲೆ ಒಂದು ತೆಳು ಪೇಪರ್ ಇಟ್ರೆ ಗೀರು ಕಡಿಮೆ. ಮೊದಲ ಎರಡು ಶೀಟ್ ಅಡ್ಡಾದಿಡ್ಡಿ ಹೋದ್ವು, ಅವನ್ನ ಸೇಫ್‌ಲೈಟ್ ಪರೀಕ್ಷೆಗೆ, ಅಂದ್ರೆ ಕೆಂಪು ಬಲ್ಬು ಫಿಲ್ಮನ್ನ ಕೆಡಿಸುತ್ತಾ ಅಂತ ನೋಡೋಕೆ, ಇಟ್ಕೊಂಡೆ. ಕೆಂಪು ಎಲ್‌ಇಡಿ ಜೀರೋ ಬಲ್ಬ್ ಕೆಳಗೆ ಫಿಲ್ಮ್ ಚೂರು ಇಟ್ಟು ಮೇಲೆ ಐದು ರೂಪಾಯಿ ನಾಣ್ಯ ಇಟ್ಟು ಐದು ನಿಮಿಷ ಬಿಟ್ಟು ಡೆವಲಪ್ ಮಾಡಿದ್ರೆ ನಾಣ್ಯದ ಗುರುತು ಬರಬಾರದು. ಮೊದಲ ಬಲ್ಬಿಗೆ ಬಂತು, ಎರಡನೇ ಬ್ರ್ಯಾಂಡ್ ಬಲ್ಬಿಗೆ ಬರ್ಲಿಲ್ಲ, ಅದನ್ನೇ ಇಟ್ಕೊಂಡೆ.

ಲೆನ್ಸ್ ವಿಷಯಕ್ಕೆ ಬಂದ್ರೆ, ದೊಡ್ಡ ಕ್ಯಾಮೆರಾದ ಹಳೇ ಲೆನ್ಸ್ ಹುಡುಕ್ತಾ ಕೂತ್ರೆ ಮಳೆಗಾಲ ಮುಗಿಯುತ್ತೆ. ಕನ್ನಡಕದ ಅಂಗಡೀಲಿ ಪ್ಲಸ್ 4 ಪವರಿನ, ಫ್ರೇಮಿಗೆ ಕಟ್ ಮಾಡದೇ ಇರೋ ರೌಂಡ್ ಗಾಜು ಕೇಳಿದೆ. ಪ್ಲಸ್ 4 ಅಂದ್ರೆ ಒಂದು ಮೀಟರಿನ ನಾಲ್ಕನೇ ಒಂದು ಭಾಗ, 250 ಮಿಲಿಮೀಟರ್ ಫೋಕಲ್ ಲೆಂತ್, ದೂರದ ವಸ್ತುವಿನ ಚಿತ್ರ ಗಾಜಿನಿಂದ ಅಷ್ಟು ಹಿಂದೆ ಚೂಪಾಗಿ ಬೀಳುತ್ತೆ. 5×8 ಇಂಚಿನ ಕರ್ಣ ಸುಮಾರು 240 ಮಿಲಿಮೀಟರ್, ಹೇಳಿ ಮಾಡಿಸಿದ ಹಾಗೆ ಆಯ್ತು. ಗಾಜಿನ ಒಳಕ್ಕೆ ಬಾಗಿದ ಮುಖ ಹೊರಗೆ, ಅಂದ್ರೆ ದೃಶ್ಯದ ಕಡೆ ಇರ್ಬೇಕು, ಅದರ ಮುಂದೆ ಸ್ವಲ್ಪ ದೂರದಲ್ಲಿ ತೂತಿನ ತಟ್ಟೆ, ಇದು ಫೋಟೋಗ್ರಫಿ ಹುಟ್ಟೋಕೂ ಮುಂಚೆಯಿಂದ ಇರೋ ಕ್ರಮ. ಎರಡೂವರೆ ಇಂಚಿನ ಪಿವಿಸಿ ಪೈಪಿನ ತುಂಡಿಗೆ ಫೆಲ್ಟ್ ಸುತ್ತಿ ಗಾಜು ಕೂರಿಸಿದೆ, ತೂತಿನ ತಟ್ಟೆ ಕಪ್ಪು ಕಾರ್ಡಿಂದು, ಒಂದು 15 ಮಿಲಿಮೀಟರ್ ತೂತು, ಒಂದು ಐದೂವರೆ ಮಿಲಿಮೀಟರ್ ತೂತು. ಫೋಕಲ್ ಲೆಂತನ್ನ ತೂತಿನ ಅಗಲದಿಂದ ಭಾಗಿಸಿದ್ರೆ ಬರೋ ಅಂಕಿಗೆ ಎಫ್ ಅಂತಾರೆ, ಲೆಕ್ಕ ಹಾಕಿದ್ರೆ ಎಫ್ 16 ಮತ್ತು ಎಫ್ 45 ಹತ್ರ ಹತ್ರ.

ಮರದ ಕೆಲಸ ನನ್ನಿಂದ ಆಗೋದಲ್ಲ, ನಮ್ಮ ಕೇರಿ ಆಚಾರ್ರ ಹತ್ರ ಹೋದೆ. ಒಂದರೊಳಗೆ ಒಂದು ಜಾರೋ ಎರಡು ಪೆಟ್ಟಿಗೆ, 6 ಮಿಲಿಮೀಟರ್ ಪ್ಲೈವುಡ್, ಹೊರ ಪೆಟ್ಟಿಗೆಗೆ ಮುಂದೆ ಲೆನ್ಸ್, ಒಳ ಪೆಟ್ಟಿಗೆಗೆ ಹಿಂದೆ ಫಿಲ್ಮ್. ಎಳೆದ್ರೆ 400 ಮಿಲಿಮೀಟರ್ ತನಕ ಉದ್ದ ಆಗ್ಬೇಕು, ಯಾಕಂದ್ರೆ ಒಂದು ಮೀಟರ್ ದೂರದ ವಸ್ತುವಿಗೆ ಫೋಕಸ್ ಮಾಡಿದ್ರೆ ಗಾಜಿನಿಂದ ಫಿಲ್ಮಿಗೆ 333 ಮಿಲಿಮೀಟರ್ ಬೇಕು.

"ಮಾರಾಯ್ರೆ, ಕೈ ಸರಿ ಆದ್ಮೇಲೆ ಮಾಡಿದ್ರೆ ಆಗ್ತಿರ್ಲಿಲ್ವಾ" ಅಂದ್ರು.

"ಒಂದೇ ಕೈಲಿ ನಡಿಯೋ ಹಾಗೆ ಬೇಕು ಆಚಾರ್ರೆ, ಅದಕ್ಕೇ ಈಗ್ಲೇ" ಅಂದೆ. ಸುಡೆಕ್ ಕಥೆ ಹೇಳಿದೆ. ಅವರು ಪೆನ್ಸಿಲ್ ಕಿವೀಲಿ ಸಿಕ್ಕಿಸ್ಕೊಂಡು ಪೂರ್ತಿ ಕೇಳಿ, ಆ ಮನುಷ್ಯ ಮೊದ್ಲು ಯಾವ ಕಸುಬಿನವನು ಅಂತ ಕೇಳಿದ್ರು. ನನಗೆ ಆ ಪ್ರಶ್ನೆ ತುಂಬಾ ಹಿಡಿಸ್ತು.

ಬುಕ್ ಬೈಂಡಿಂಗ್. 1896ರ ಮಾರ್ಚ್ 17ರಂದು ಈಗಿನ ಚೆಕ್ ದೇಶದ ಬೊಹೀಮಿಯಾದ ಕೊಲೀನ್ ಅನ್ನೋ ಊರಲ್ಲಿ ಹುಟ್ಟಿದ್ದು, ಅಪ್ಪ ಮನೆಗಳಿಗೆ ಬಣ್ಣ ಬಳಿಯೋರು, ಮಗ ಚಿಕ್ಕವನಿದ್ದಾಗ್ಲೇ ತೀರ್ಕೊಂಡ್ರು. ಹುಡುಗ ಪ್ರಾಗಿಗೆ ಹೋಗಿ ಪುಸ್ತಕ ಹೊಲಿಯೋ, ರಟ್ಟು ಕಟ್ಟೋ ಕೆಲಸ ಕಲಿತ, ಕೈಗಳೆರಡೂ ಬೇಕೇ ಬೇಕಾದ ಕಸುಬು. ಮೊದಲ ಮಹಾಯುದ್ಧದಲ್ಲಿ ಇಟಲಿ ಕಡೆಯ ಮುಂಚೂಣಿಗೆ ಕಳಿಸಿದ್ರು, ಅಲ್ಲಿ ಗಾಯ ಆಗಿ ಬಲಗೈ ಹೋಯ್ತು. ಆಸ್ಪತ್ರೆಗಳಲ್ಲಿ ವರ್ಷಗಟ್ಟಲೆ ಇದ್ದಾಗ ಕ್ಯಾಮೆರಾ ಇನ್ನೂ ಗಟ್ಟಿಯಾಗಿ ಅಂಟ್ಕೊಳ್ತು, ಜೊತೆಯ ಗಾಯಾಳು ಸೈನಿಕರನ್ನ ತೆಗೆದ. ಆಮೇಲೆ 1922ರಿಂದ 24ರ ತನಕ ಪ್ರಾಗಿನ ಗ್ರಾಫಿಕ್ ಶಾಲೇಲಿ ಕರೆಲ್ ನೊವಾಕ್ ಅವರ ಹತ್ರ ಫೋಟೋಗ್ರಫಿ ಓದಿದ. ಅಂಗವಿಕಲ ಸೈನಿಕನ ಪೆನ್ಷನ್ ಇತ್ತು, ಕೂತು ಮಾಡೋ ಆಫೀಸ್ ಕೆಲಸ ಬೇಡ ಅಂದ.

ಎಲ್ಲರೂ ಇವನ ಬಗ್ಗೆ ಹೇಳೋವಾಗ ಕೈ ಇಲ್ಲದಿದ್ರೂ ಇಷ್ಟು ಸಾಧಿಸಿದ ಅಂತ ಶುರು ಮಾಡ್ತಾರೆ. ಬೈಂಡರ್ ಅನ್ನೋದನ್ನ ಯಾರೂ ಹೆಚ್ಚು ಹೇಳಲ್ಲ. ನನಗನ್ಸೋದು, ಅವನ ಮುಂದಿನ ಐವತ್ತು ವರ್ಷದ ಕೆಲಸ ಪೂರ್ತಿ ಒಬ್ಬ ಬೈಂಡರ್‌ನ ಕೆಲಸವೇ, ಕಾಗದ ಹೇಗಿದೆ, ಅಂಚು ಹೇಗಿದೆ, ಕೈಯಲ್ಲಿ ಹಿಡಿದ್ರೆ ಎಷ್ಟು ತೂಕ, ಎರಡು ಗಾಜಿನ ಮಧ್ಯೆ ಪ್ರಿಂಟ್ ಇಟ್ಟು ಸುತ್ತ ಸೀಸದ ಅಂಚು ಕಟ್ಟೋ ತನಕ ಹೋದ. ಫೋಟೋ ಅವನಿಗೆ ಒಂದು ವಸ್ತು.

ಪೆಟ್ಟಿಗೆ ನಾಲ್ಕು ದಿನದಲ್ಲಿ ಬಂತು. ಒಳಗೆಲ್ಲಾ ಬ್ಲ್ಯಾಕ್ ಬೋರ್ಡ್ ಪೇಂಟ್ ಎರಡು ಕೋಟ್ ಹೊಡೆದೆ, ಮಳೆಗಾಲದಲ್ಲಿ ಒಣಗೋಕೆ ಮೂರು ದಿನ. ಪೇಂಟ್ ಒಣಗಿದ್ಮೇಲೆ ಒಳಪೆಟ್ಟಿಗೆ ಜಾರ್ತಾನೇ ಇಲ್ಲ, ಪ್ಲೈವುಡ್ ತೇವಕ್ಕೆ ಉಬ್ಬಿತ್ತು. ಆಚಾರ್ರು ಬಂದು ನಾಲ್ಕೂ ಬದಿ ಕೀಸಿ, ವೆಲ್ವೆಟ್ ಪಟ್ಟಿ ಅಂಟಿಸಿ ಕೊಟ್ರು, ಮೇಣದಬತ್ತಿ ಉಜ್ಜಿದ್ಮೇಲೆ ಒಂದೇ ಕೈಗೆ ನಯವಾಗಿ ಬರೋಕೆ ಶುರು ಆಯ್ತು.

ಫೋಕಸ್ ನೋಡೋ ಗ್ರೌಂಡ್ ಗ್ಲಾಸ್ ನಾನೇ ಮಾಡ್ದೆ, ಇದು ಖುಷಿಯ ಕೆಲಸ. ಆಟೋ ಸ್ಪೇರ್ಸ್ ಅಂಗಡೀಲಿ ಇಂಜಿನ್ ವಾಲ್ವ್ ಉಜ್ಜೋಕೆ ಒಂದು ಪೇಸ್ಟ್ ಸಿಗುತ್ತೆ, ತರಿ ಒಂದು ಕಡೆ ನಯ ಒಂದು ಕಡೆ ಇರೋ ಡಬ್ಬಿ. ನಯದ್ದನ್ನ ತಗೊಂಡು, 2 ಮಿಲಿಮೀಟರ್ ಗಾಜಿನ ಮೇಲೆ ಹಾಕಿ, ಇನ್ನೊಂದು ಚಿಕ್ಕ ಗಾಜಿನ ತುಂಡಿಂದ ಸುತ್ತು ಸುತ್ತಾಗಿ ನಲವತ್ತು ನಿಮಿಷ ಉಜ್ಜಿದೆ. ಸೋಪಲ್ಲಿ ತೊಳೆದ್ರೆ ಹಾಲಿನ ಬಣ್ಣದ ಗಾಜು. ಅವತ್ತೇ ಸಂಜೆ ಕ್ಯಾಮೆರಾ ಹಿಂದೆ ಅದನ್ನಿಟ್ಟು ತಲೆ ಮೇಲೆ ಕಂಬಳಿ ಹೊದ್ದು ನೋಡಿದೆ. ಕಿಟಕಿ ತಲೆಕೆಳಗಾಗಿ, ಹನಿಗಳು ಮೇಲಕ್ಕೆ ಹರೀತಾ ಇದ್ವು. ಅಮ್ಮನ್ನ ಕರೆದು ತೋರಿಸಿದೆ, ಅವರು ಕಂಬಳಿ ಒಳಗೆ ತುಂಬಾ ಹೊತ್ತು ಇದ್ರು.

ಫಿಲ್ಮ್ ಹೋಲ್ಡರ್‌ಗೆ ಹೆಚ್ಚು ಸಮಯ ಹಿಡೀತು. 5×8ಗೆ ರೆಡಿಮೇಡ್ ಸುಲಭಕ್ಕೆ ಸಿಗಲ್ಲ. 3 ಎಂಎಂ ಎಂಡಿಎಫ್ ಮೇಲೆ ಎರಡೂ ಬದಿಗೆ ತೆಳು ಪಟ್ಟಿ, ಅದರ ಕೆಳಗೆ ಫಿಲ್ಮ್ ಜಾರಬೇಕು, ಮುಂದೆ ಎಳೆಯೋ ಬಾಗಿಲಿಗೆ ಸನ್‌ಮೈಕಾ ಹಾಕ್ದೆ, 1 ಮಿಲಿಮೀಟರ್ ದಪ್ಪ, ಬೆಳಕು ಒಂಚೂರೂ ದಾಟಲ್ಲ, ಬಾಗೋದೂ ಇಲ್ಲ. ಬಾಗಿಲು ಹೋಗೋ ಸೀಳಿಗೆ ವೆಲ್ವೆಟ್. ಆದ್ರೆ ಒಂದು ಕೈಲಿ ಫಿಲ್ಮ್ ತಳ್ಳೋಕೆ ಹೋದ್ರೆ ಹೋಲ್ಡರೇ ಮುಂದಕ್ಕೆ ಓಡುತ್ತೆ. ಪ್ಲಾಸ್ಟರ್ ಕೈಲಿ ಒತ್ತಿ ಹಿಡಿಯೋಣ ಅಂದ್ರೆ ನೋವು. ಸುಡೆಕ್ ಹಲ್ಲಲ್ಲಿ ಕಚ್ಚಿ ಹಿಡ್ಕೊಳ್ತಿದ್ದ ಅಂತ ಹೇಳ್ತಾರೆ, ನಾನೂ ಒಂದು ಸಲ ಪ್ರಯತ್ನ ಪಟ್ಟೆ, ಫಿಲ್ಮಿನ ತುದೀಲಿ ಹಲ್ಲಿನ ಗುರುತು, ಎಂಜಲಿನ ಕಲೆ. ಕೊನೆಗೆ ಟೇಬಲ್ ಮೇಲೆ ಎಲ್ ಆಕಾರದ ಅಡ್ಡಪಟ್ಟಿ ಹೊಡೆಸಿದೆ, ಹೋಲ್ಡರ್ ಅದಕ್ಕೆ ಒತ್ತಿ ನಿಲ್ಲುತ್ತೆ, ಎಡಗೈಲಿ ಫಿಲ್ಮ್ ಜಾರಿಸಿದ್ರೆ ಆಯ್ತು. ಮೊದಲ ದಿನ ಒಂದು ಶೀಟ್ ಹಾಕೋಕೆ ಹನ್ನೊಂದು ನಿಮಿಷ, ಈಗ ಒಂದೂವರೆ ನಿಮಿಷ.

ಅವನಿಗೂ ಸಹಾಯಕ್ಕೆ ಜನ ಇದ್ರು, ಇದನ್ನ ಹೇಳ್ಲೇಬೇಕು. ತಂಗಿ ಬೊಜೆನಾ, ಅವಳೂ ಫೋಟೋಗ್ರಫಿ ಕಲಿತವಳು, ಜೀವನ ಪೂರ್ತಿ ಅವನ ಡಾರ್ಕ್‌ರೂಮಿನ ಬೆನ್ನೆಲುಬು. ಎರಡನೇ ಯುದ್ಧ ಆದ್ಮೇಲೆ ಸೋನ್ಯಾ ಬುಲಾಟಿ ಅಂತ, ನಾಜಿ ಕ್ಯಾಂಪುಗಳಿಂದ ಬದುಕಿ ಬಂದ ಹುಡುಗಿ, ಅವನ ಶಿಷ್ಯೆ ಆಗಿ ಸೇರಿದ್ಲು. ಅವಳು ಹೇಳಿರೋ ಒಂದು ಸಂಗತಿ ನನಗೆ ಬಾಯಿಪಾಠ. ಪ್ರಾಗಿನ ಸೇಂಟ್ ವೀಟಸ್ ಕ್ಯಾಥೆಡ್ರಲ್ ಕೆಳಗಿನ ಒಂದು ಕತ್ತಲೆ ಹಜಾರದಲ್ಲಿ ಟ್ರೈಪಾಡ್ ನಿಲ್ಲಿಸಿ ಇಬ್ಬರೂ ನೆಲದ ಮೇಲೆ ಕೂತು ಮಾತಾಡ್ತಾ ಇದ್ದಾರೆ, ಒಂದು ಬಿಸಿಲ ಕೋಲು ಒಳಗೆ ಬಂದಿದ್ದೇ ಸುಡೆಕ್ ದಡಕ್ಕನೆ ಎದ್ದ, ಇಬ್ಬರೂ ಬಟ್ಟೆ ಬೀಸಿ ಬೀಸಿ ಹಳೇ ಧೂಳನ್ನ ಎಬ್ಬಿಸಿದ್ರು, ಬೆಳಕು ಕಣ್ಣಿಗೆ ಕಾಣ್ಲಿ ಅಂತ. ಈ ಬೆಳಕು ಇಂಥ ಹೊತ್ತಿಗೆ ಇಲ್ಲಿ ಬರುತ್ತೆ ಅಂತ ಅವನಿಗೆ ಮೊದ್ಲೇ ಗೊತ್ತು, ಬರೋ ತನಕ ಕೂತಿರ್ತಾನೆ.

ಅದೇ ಕ್ಯಾಥೆಡ್ರಲ್ ಅವನಿಗೆ ಹೆಸರು ತಂದಿದ್ದು. 1344ರಲ್ಲಿ ಶುರುವಾದ ಕಟ್ಟಡ 1929ಕ್ಕೆ ಮುಗೀತು, ಆ ಕೊನೇ ವರ್ಷಗಳಲ್ಲಿ ಸುಡೆಕ್ ಒಳಗೆ ಹೋಗಿ ತೆಗೆದ, ಕಂಬಗಳ ಕೆಳಗೆ ತಳ್ಳುಗಾಡಿ, ಮರದ ಹಲಗೆ, ಸುಣ್ಣದ ಚೀಲ, ಮೇಲಿಂದ ಬೆಳಕು. 1928ರಲ್ಲಿ 15 ಚಿತ್ರಗಳ ಒಂದು ಕಟ್ಟು ಪ್ರಕಟ ಆಯ್ತು. ಒಳಗೆ ಕೆಲಸ ನಡೀತಾ ಇರುವಾಗಿನ ಗುಡಿ ಅದು, ಮುಗಿದ ಗುಡಿಯನ್ನ ತೆಗೆದಿದ್ರೆ ಬರೀ ಟೂರಿಸ್ಟ್ ಕಾರ್ಡ್ ಆಗ್ತಿತ್ತು ಅನ್ನೋದು ನನ್ನ ಅಭಿಪ್ರಾಯ.

ಸರಿ, ಲೀಕ್ ಪರೀಕ್ಷೆ. ರಾತ್ರಿ ಲೈಟ್ ಆರಿಸಿ ಪೆಟ್ಟಿಗೆ ಒಳಗೆ ಮೊಬೈಲ್ ಟಾರ್ಚ್ ಹಚ್ಚಿಟ್ಟು ಮುಚ್ಚಿದೆ. ಬಲಗಡೆ ಕೆಳಮೂಲೇಲಿ ಒಂದು ಚುಕ್ಕಿ, ಲೆನ್ಸ್ ಪೈಪಿನ ಸುತ್ತ ಒಂದು ಎಳೆ. ಚುಕ್ಕಿಗೆ ಫೆವಿಕಾಲ್ ಮತ್ತೆ ಮರದ ಪುಡಿ ಕಲಸಿ ತುಂಬಿದೆ, ಪೈಪಿಗೆ ಕಪ್ಪು ಇನ್ಸುಲೇಷನ್ ಟೇಪು. ಶಟರ್ ಅಂತ ಏನೂ ಇಲ್ಲ, ಪೈಪಿನ ಎಂಡ್ ಕ್ಯಾಪ್ ತೆಗೆದು ಹಾಕೋದು ಅಂತಿತ್ತು ಪ್ಲಾನು, ಆದ್ರೆ ಒಂದು ಕೈಲಿ ಎಳೆದ್ರೆ ಇಡೀ ಕ್ಯಾಮೆರಾ ಅಲುಗಾಡುತ್ತೆ. ಹಾಗಾಗಿ ಪೈಪಿನ ಮೇಲಂಚಿಗೆ ಬಟ್ಟೆಯ ಹಿಂಜ್ ಅಂಟಿಸಿ ಕಪ್ಪು ಕಾರ್ಡಿನ ಒಂದು ರೆಪ್ಪೆ ಇಳಿಬಿಟ್ಟೆ, ಹೆಬ್ಬೆರಳಲ್ಲಿ ಎತ್ತು, ಎಣಿಸು, ಬಿಡು.

ಕೆಮಿಕಲ್‌ಗೆ ಡಿ-76 ಅನ್ನೋ ಡೆವಲಪರ್, ಅಂದ್ರೆ ಫಿಲ್ಮಿನ ಮೇಲೆ ಚಿತ್ರ ಮೂಡಿಸೋ ದ್ರಾವಣ, ಮನೇಲೇ ಕಲಸಿದೆ. 1 ಲೀಟರಿಗೆ ಮೆಟಾಲ್ 2 ಗ್ರಾಂ, ಸೋಡಿಯಂ ಸಲ್ಫೈಟ್ 100 ಗ್ರಾಂ, ಹೈಡ್ರೋಕ್ವಿನೋನ್ 5 ಗ್ರಾಂ, ಬೋರಾಕ್ಸ್ 2 ಗ್ರಾಂ. ಮೆಟಾಲ್ ಮೊದಲು ಕರಗಿಸ್ಬೇಕು. ನಾನು ಸಲ್ಫೈಟ್ ಮೊದಲು ಸುರಿದ್ಬಿಟ್ಟೆ, ಮೆಟಾಲ್ ಕರಗದೆ ಬಿಳಿ ಬಿಳಿಯಾಗಿ ತೇಲ್ತಾ ಉಳೀತು, ಒಂದು ಲೀಟರ್ ಹಾಳು. ಎಕ್ಸ್‌ರೇ ಫಿಲ್ಮಿಗೆ ಕಾಂಟ್ರಾಸ್ಟ್ ಜಾಸ್ತಿ, ಹಾಗಾಗಿ ಒಂದು ಪಾಲು ಡೆವಲಪರ್‌ಗೆ ಮೂರು ಪಾಲು ನೀರು ಹಾಕಿ ನಿಧಾನವಾಗಿ ಡೆವಲಪ್ ಮಾಡೋದು ಒಳ್ಳೇದು. ಟ್ರೇ ತಳದಲ್ಲಿ ಒಂದು ಗಾಜಿನ ಹಾಳೆ ಹಾಕಿ, ಪ್ಲಾಸ್ಟಿಕ್ ಟ್ರೇಯ ಏಣುಗಳಿಗೆ ತಾಗಿ ಗೀರು ಬೀಳೋದು ಇದರಿಂದ ನಿಂತು ಹೋಯ್ತು. ಆಮೇಲೆ ನೀರು, ಆಮೇಲೆ ಚಿತ್ರವನ್ನ ಖಾಯಂ ಮಾಡೋ ಹೈಪೋ. ಇಕ್ಕಳದಲ್ಲೇ ಹಿಡೀರಿ, ಬರಿಗೈ ಅದ್ದಬೇಡಿ, ಮೆಟಾಲ್ ಕೆಲವರ ಚರ್ಮಕ್ಕೆ ಆಗಲ್ಲ.

ಮೊದಲ ಫೋಟೋ. ಕಿಟಕಿ ಹಲಗೆ ಮೇಲೆ ಗಾಜಿನ ಲೋಟದಲ್ಲಿ ನೀರು, ಪಕ್ಕದಲ್ಲಿ ಒಂದು ನಿಂಬೆಹಣ್ಣು, ಹಿಂದೆ ಹನಿ ತುಂಬಿದ ಗಾಜು. ಲೋಟ ಸುಡೆಕ್‌ದೇ, ನೇರವಾಗಿ ಅವನಿಂದ ತಗೊಂಡಿದ್ದು. ಮೊಟ್ಟೆ, ಬ್ರೆಡ್ಡು, ಈರುಳ್ಳಿ, ಒಂದು ಲೋಟ ನೀರು, ಇಷ್ಟರಲ್ಲೇ ಅವನು ವರ್ಷಗಟ್ಟಲೆ ಕೆಲಸ ಮಾಡಿದ. ದೊಡ್ಡ ತೂತು, ಎಫ್ 16, 8 ಸೆಕೆಂಡು. ನೆಗೆಟಿವ್ ಬಂತು, ಆದ್ರೆ ಲೋಟ ಪೂರ್ತಿ ಮಸುಕು, ಗ್ರೌಂಡ್ ಗ್ಲಾಸ್ ಮೇಲೆ ಅಷ್ಟು ಚೂಪಾಗಿ ಕಂಡಿತ್ತು. ಪೆಟ್ಟಿಗೆ ಜಾರಿರ್ಬೇಕು ಅಂತ ಇನ್ನೊಂದು ತೆಗೆದೆ, ಹಾಗೇ. ಮೂರನೇದೂ ಹಾಗೇ. ಎರಡು ದಿನ ಹೋಲ್ಡರ್ ಆಳ ಅಳೀತಾ ಕೂತೆ, ಅದು ಗ್ರೌಂಡ್ ಗ್ಲಾಸಿನ ಜಾಗಕ್ಕೆ ಸರಿಯಾಗೇ ಇತ್ತು.

ಆಮೇಲೆ 30 ಸೆಂಟಿಮೀಟರ್ ಸ್ಕೇಲನ್ನ ಓರೆಯಾಗಿ ಇಟ್ಟು, 15ರ ಗೆರೆಗೆ ಫೋಕಸ್ ಮಾಡಿ ತೆಗೆದೆ. ಫಿಲ್ಮಿನಲ್ಲಿ ಚೂಪಾಗಿ ಬಂದಿದ್ದು ಕ್ಯಾಮೆರಾಗೆ ಹತ್ತಿರ ಇರೋ 23. ಆಗ ಬೆಳಕಾಯ್ತು. ಒಂಟಿ ಗಾಜಿನ ಲೆನ್ಸ್ ನೀಲಿ ಬಣ್ಣವನ್ನ ಹಳದಿಗಿಂತ ಮುಂಚೇನೇ ಕೂಡಿಸುತ್ತೆ. ನಮ್ಮ ಕಣ್ಣು ನೋಡೋದು ಹಳದಿ ಹಸಿರನ್ನ, ಈ ಫಿಲ್ಮು ಹೆಚ್ಚಾಗಿ ನೋಡೋದು ನೀಲೀನ. ಕಣ್ಣಿನ ಫೋಕಸ್ ಬೇರೆ, ಫಿಲ್ಮಿನ ಫೋಕಸ್ ಬೇರೆ. ಹತ್ತೊಂಬತ್ತನೇ ಶತಮಾನದ ಫೋಟೋಗ್ರಾಫರ್‌ಗಳಿಗೆ ಇದು ದಿನನಿತ್ಯದ ತಲೆನೋವಾಗಿತ್ತು. ನಾಟಕದ ಲೈಟಿಗೆ ಹಾಕೋ ಹಳದಿ ಜೆಲಟಿನ್ ಹಾಳೆ ಲೆನ್ಸ್ ಮುಂದೆ ಇಟ್ಟು ನೋಡಿದೆ, ಫೋಕಸ್ ಸರಿ ಹೋಯ್ತು ಆದ್ರೆ ಎಕ್ಸ್‌ಪೋಷರ್, ಅಂದ್ರೆ ಬೆಳಕು ಬಿಡೋ ಹೊತ್ತು, ನಾಲ್ಕು ಪಟ್ಟು ಆಯ್ತು. ಅದರ ಬದ್ಲು ಕಣ್ಣಲ್ಲಿ ಫೋಕಸ್ ಮಾಡಿ, ಒಳಪೆಟ್ಟಿಗೆಯನ್ನ 8 ಮಿಲಿಮೀಟರ್ ಒಳಗೆ ತಳ್ಳಿ, ಚಿಕ್ಕ ತೂತು ಹಾಕಿ ತೆಗೀತೀನಿ ಅಂತ ಮಾಡ್ದೆ. ಪೆಟ್ಟಿಗೆ ಬದೀಲಿ ಪೆನ್ಸಿಲ್ ಗೆರೆ ಎಳೆದಿದೀನಿ, ಒಂದು ಮೀಟರ್ ದೂರಕ್ಕೆ ಮಾತ್ರ ಅದು ಸರಿ, ದೂರ ಹೋದಷ್ಟು ತಳ್ಳೋದು ಕಡಿಮೆ.

ಎಫ್ 45ಕ್ಕೆ 20 ಸೆಕೆಂಡ್ ಕೊಟ್ಟೆ, ಬೆಳಕು ಸಾಲದೆ ನೆಗೆಟಿವ್ ತೆಳು ಬಂತು. ಪೆಟ್ಟಿಗೆ ಎಳೆದಾಗ ಬೆಳಕು ಹರಡಿ ಸುಮಾರು 1.8 ಪಟ್ಟು ಕಡಿಮೆ ಆಗುತ್ತೆ ಅನ್ನೋದನ್ನ ಮರೆತಿದ್ದೆ, ಜೊತೆಗೆ ಉದ್ದ ಎಕ್ಸ್‌ಪೋಷರ್‌ಗೆ ಫಿಲ್ಮು ಸುಸ್ತಾಗುತ್ತೆ. 70 ಸೆಕೆಂಡಿಗೆ ಸರಿಯಾದ ನೆಗೆಟಿವ್.

ಎಪ್ಪತ್ತು ಸೆಕೆಂಡ್ ರೆಪ್ಪೆ ಎತ್ತಿ ಹಿಡ್ಕೊಂಡು ನಿಂತಿರೋದು ಅಂದ್ರೆ ಏನು ಅಂತ ಮಾಡಿ ನೋಡಿದ್ರೆ ಗೊತ್ತಾಗುತ್ತೆ. ಗಾಜಿನ ಮೇಲೆ ಒಂದು ಹನಿ ಇಳಿಯೋಕೆ ಶುರು ಮಾಡುತ್ತೆ, ನಿಲ್ಲುತ್ತೆ, ಇನ್ನೊಂದರ ಜೊತೆ ಸೇರಿ ಜರ್‍ರಂತ ಹೋಗುತ್ತೆ, ಅದೆಲ್ಲಾ ಒಂದೇ ಫಿಲ್ಮಿನ ಮೇಲೆ ಬೀಳ್ತಾ ಇದೆ. ಸುಡೆಕ್‌ನ ಕಿಟಕಿ ಚಿತ್ರಗಳಲ್ಲಿ ಗಾಜು ಯಾಕೆ ಅಷ್ಟು ಮೃದು, ಆಚೆಯ ಮರ ಯಾಕೆ ಉಸಿರಾಡ್ತಿರೋ ಹಾಗಿದೆ ಅಂತ ನನಗೆ ಅವತ್ತು ಹೊಳೀತು. 1940ರಿಂದ 1954ರ ತನಕ ಅದೇ ಕಿಟಕಿ. ಹಿಮ ಕಟ್ಟಿದ್ದು, ಇಬ್ಬನಿ ಕೂತಿದ್ದು, ಮಳೆ, ಹೂವಿನ ಗಿಡ, ಹೊರಗೆ ಸೊಟ್ಟ ಮರ. ಶುರುವಿನ ವರ್ಷಗಳಲ್ಲಿ ಪ್ರಾಗ್ ನಾಜಿಗಳ ಕೈಲಿತ್ತು, ಬೀದೀಲಿ ಕ್ಯಾಮೆರಾ ಹಿಡಿದು ಓಡಾಡೋ ಕಾಲ ಅಲ್ಲ. ಉಯೆಜ್ದ್ ಬೀದಿಯ ಒಂದು ಅಂಗಳದಲ್ಲಿ ಮರದ ಸಣ್ಣ ಸ್ಟುಡಿಯೋ, 1927ರಿಂದ ಅವನದ್ದು. ಹೊರಗೆ ಹೋಗೋಕೆ ಆಗಲ್ಲ ಅಂದಾಗ ಒಳಗಿಂದ ಹೊರಗೆ ನೋಡ್ತಾ ಕೂತ.

ಆದ್ರೆ ಅವನು ಯಾವತ್ತೂ ಹೊರಗೆ ಹೋಗ್ಲಿಲ್ಲ ಅಂತಲ್ಲ. 1926ರಲ್ಲಿ ಚೆಕ್ ಫಿಲ್ಹಾರ್ಮೋನಿಕ್ ವಾದ್ಯವೃಂದದ ಸಂಗೀತಗಾರ ಗೆಳೆಯರ ಜೊತೆ ಇಟಲಿಗೆ ಹೋದವನು ಒಂದು ಸಂಗೀತ ಕಛೇರಿ ಮಧ್ಯದಲ್ಲೇ ಎದ್ದು ಹೋದ, ಕೈ ಕಳ್ಕೊಂಡ ಜಾಗ ಹುಡುಕಿಕೊಂಡು. ಜಾಗ ಸಿಕ್ತು. ವಾಪಸ್ ಬರೋಕೆ ಎರಡು ತಿಂಗಳು ಹಿಡೀತು. ಅದಾದ್ಮೇಲೆ ದೂರದ ಪ್ರಯಾಣ ಬಿಟ್ಟ, ಪ್ರಾಗು, ಬೆಸ್ಕಿಡಿ ಬೆಟ್ಟದ ಕಾಡು, ಯಾನಾಚೆಕ್ ಅನ್ನೋ ಸಂಗೀತಗಾರನ ಊರು ಹುಕ್ವಾಲ್ಡಿ, ಇಷ್ಟೇ. ಸಂಗೀತ ಅಂದ್ರೆ ಪ್ರಾಣ ಅವನಿಗೆ, ಮಂಗಳವಾರದ ಸಂಜೆ ಗೆಳೆಯರು ಸ್ಟುಡಿಯೋದಲ್ಲಿ ಸೇರಿ ರೆಕಾರ್ಡ್ ಕೇಳ್ತಿದ್ರು. ನಾನು ಡೆವಲಪ್ ಮಾಡುವಾಗ ಮಲ್ಲಿಕಾರ್ಜುನ ಮನ್ಸೂರ್ ಅವರ ರೆಕಾರ್ಡಿಂಗ್ ಹಾಕ್ಕೊಳ್ತೀನಿ, ಟೈಮರ್‌ಗಿಂತ ಅದೇ ಚೆನ್ನಾಗಿ ಕೈಯನ್ನ ನಿಧಾನ ಮಾಡ್ಸುತ್ತೆ.

ಈಗ ಪ್ರಿಂಟು, ಇದಕ್ಕೋಸ್ಕರವೇ ಇಷ್ಟೆಲ್ಲಾ. ಕಾಂಟ್ಯಾಕ್ಟ್ ಫ್ರೇಮ್ ಸುಲಭ, ಕೆಳಗೆ ಪ್ಲೈವುಡ್, ಅದರ ಮೇಲೆ ಫೋಮ್ ಶೀಟ್, ಮೇಲೆ ಹಿಂಜ್ ಹಾಕಿದ 5 ಮಿಲಿಮೀಟರ್ ಗಾಜು, ಒಂದು ಕ್ಲಿಪ್ಪು. ಫೋಟೋ ಪೇಪರ್ ಮೇಲೆ ನೆಗೆಟಿವ್, ಗಾಜು ಮುಚ್ಚು, ಮೂರಡಿ ಮೇಲಿಂದ ಹಳೇ 15 ವ್ಯಾಟಿನ ಬಲ್ಬು. ಮೊದಲ ಸಲ ನೆಗೆಟಿವ್ ಗಾಜಿಗೆ ಅಂಟ್ಕೊಂಡು ಬಿಡ್ತು, ಮಲೆನಾಡಿನ ಜುಲೈ ತಿಂಗಳ ಥಂಡಿ, ಏನೂ ಒಣಗಲ್ಲ. ಎಳೆದ್ರೆ ಎಮಲ್ಷನ್ ಕಿತ್ತು ಬರುತ್ತೆ. ಗಾಜಿನ ಸಮೇತ ನೀರಲ್ಲಿ ಮುಳುಗಿಸಿಟ್ಟು ಅರ್ಧ ಗಂಟೆ ಆದ್ಮೇಲೆ ತಾನಾಗೇ ಬಿಡ್ತು, ಒಂದು ಅಂಚು ಮಾತ್ರ ಹೋಯ್ತು. ಆಮೇಲಿಂದ ನೆಗೆಟಿವ್ಗಳನ್ನ ಬಚ್ಚಲ ಒಲೆ ಹತ್ರ ಒಂದು ದಿನ ಪೂರ್ತಿ ನೇತಾಕಿ, ಫ್ರೇಮಿನ ಗಾಜನ್ನೂ ಬೆಚ್ಚಗೆ ಮಾಡಿ ಆಮೇಲೆ ಇಡೋದು.

2, 4, 6, 8 ಸೆಕೆಂಡಿನ ಟೆಸ್ಟ್ ಪಟ್ಟಿ, 6 ಚೆನ್ನಾಗಿತ್ತು. ಪೂರ್ತಿ ಹಾಳೆ ಹಾಕ್ದೆ. ಕೆಂಪು ಬೆಳಕಲ್ಲಿ ಮೊದಲು ಕಿಟಕಿ ಚೌಕಟ್ಟು ಕಪ್ಪಾಯ್ತು, ಆಮೇಲೆ ಲೋಟದ ಅಂಚು, ಕೊನೇಲಿ ಹನಿಗಳು.

ತೊಳೆದು ಒಣಗಿಸಿ ಬೆಳಕಿಗೆ ತಂದು ನೋಡಿದೆ. ಐದು ಇಂಚು, ಎಂಟು ಇಂಚು, ಒಂದು ನೋಟ್‌ಬುಕ್ ಹಾಳೆಯಷ್ಟೂ ಇಲ್ಲ. ಗೋಡೆಗೆ ಹಾಕಿದ್ರೆ ದೂರದಿಂದ ಏನೂ ಕಾಣಲ್ಲ, ಕೈಯಲ್ಲಿ ಹಿಡ್ಕೊಂಡು ಹತ್ತಿರ ತಂದ್ರೆ ಮಾತ್ರ ತೆರ್ಕೊಳ್ಳೋ ಚಿತ್ರ. ಲೋಟದ ನೀರಿನೊಳಗೆ ಎಡ ಬಲ ತಿರುಗಿದ ಕಿಟಕಿ ಇದೆ, ಅದರೊಳಗೆ ಅಡಿಕೆ ಮರ ಇದೆ, ಕನ್ನಡಕದ ಗಾಜಿನ ಲೆನ್ಸಲ್ಲಿ ತೆಗೆದಿದ್ದರೂ ಸಹ. ಹನಿಯ ಬಿಳುಪಿಂದ ಮೂಲೆಯ ಕಪ್ಪಿನ ತನಕ ಎಲ್ಲೂ ಕಡಿಯೋದಿಲ್ಲ, ಬೆಣ್ಣೆ ಸವರಿದ ಹಾಗೆ ಬೂದು ಬಣ್ಣ ಇಳೀತಾ ಹೋಗುತ್ತೆ. ಮಧ್ಯದಲ್ಲಿ ಇನ್ನೊಂದು ಲೆನ್ಸ್ ಇಲ್ಲ, ಗಾಳಿ ಇಲ್ಲ, ಫಿಲ್ಮು ಕಾಗದಕ್ಕೆ ಮುಟ್ಟಿ ಕೊಟ್ಟಿದ್ದು.

1940ರಲ್ಲಿ ಸುಡೆಕ್ ಒಂದು ಹಳೇ ಪ್ರಿಂಟ್ ನೋಡಿದ, ಫ್ರಾನ್ಸಿನ ಶಾರ್ಟ್ರ್ ಕ್ಯಾಥೆಡ್ರಲ್‌ನ ಶಿಲ್ಪವೊಂದರದ್ದು, 1900ರ ಸುಮಾರಿಂದು, 30×40 ಸೆಂಟಿಮೀಟರ್, ಕಾಂಟ್ಯಾಕ್ಟ್ ಪ್ರಿಂಟ್. ಕಲ್ಲಿನ ಮೈ ಅದರಲ್ಲಿ ಹೇಗೆ ಬಂದಿದೆ ಅಂತ ನೋಡಿ ಅವತ್ತಿಂದ ಎನ್‌ಲಾರ್ಜ್ ಮಾಡೋದು ನಿಲ್ಲಿಸಿದ. 44 ವರ್ಷ, ಜಾಹೀರಾತು ಫೋಟೋಗಳಲ್ಲಿ ಹೆಸರಾದ ಮನುಷ್ಯ. ಬೇರೆಯವರು ಚಿಕ್ಕ ಕ್ಯಾಮೆರಾ ಹಿಡಿದು ಬೀದಿಗಿಳಿಯೋ ಕಾಲಕ್ಕೆ ಇವನು ಭಾರದ ಮರದ ಕ್ಯಾಮೆರಾ ಹೆಗಲಿಗೆ ಹಾಕ್ಕೊಂಡ, ಒಂದೇ ಹೆಗಲಿಗೆ. ನನ್ನ ಪ್ರಶ್ನೆಗೆ ಉತ್ತರ ಸಿಕ್ಕಿದ್ದು ಇಲ್ಲೇ. ಎನ್‌ಲಾರ್ಜರ್ ಇದ್ರೆ ಚಿತ್ರ ಎಷ್ಟು ದೊಡ್ಡದು, ಎಲ್ಲಿ ಕತ್ತರಿಸ್ಬೇಕು ಅನ್ನೋದನ್ನ ಆಮೇಲೆ ಯೋಚಿಸ್ಬಹುದು. ಕಾಂಟ್ಯಾಕ್ಟಲ್ಲಿ ಆಮೇಲೆ ಅನ್ನೋದೇ ಇಲ್ಲ, ಕಂಬಳಿ ಒಳಗೆ ನಿಂತಾಗ್ಲೇ ಲೋಟ ಎಷ್ಟು ದೊಡ್ಡದಿರ್ಬೇಕು ಅಂತ ತೀರ್ಮಾನ ಆಗ್ಬೇಕು. ನಾನು ಆ ಲೋಟವನ್ನ ಒಂದು ಬೆರಳಿನ ಅಗಲ ಸರಿಸೋಕೆ ಎಷ್ಟು ಸಲ ಕಂಬಳಿ ಒಳಗೆ ಹೊರಗೆ ಹೋಗಿದೀನೋ ಲೆಕ್ಕ ಇಲ್ಲ. ಡಿಜಿಟಲ್ ಕ್ಯಾಮೆರಾದಲ್ಲಿ ಹತ್ತು ವರ್ಷ ನಾನು ಇಷ್ಟು ಗಮನ ಕೊಟ್ಟು ಒಂದು ವಸ್ತುವನ್ನ ನೋಡೇ ಇರ್ಲಿಲ್ಲ.

ಒಂದು ವಿಷಯದಲ್ಲಿ ಮಾತ್ರ ಅವನ ದಾರಿ ನನಗೆ ಆಗ್ಲಿಲ್ಲ. ಒಂದು ಕೈಲಿ ಕೆಲಸ ಮಾಡ್ಬೇಕಾದ್ರೆ ಪ್ರತಿಯೊಂದಕ್ಕೂ ಒಂದು ಜಾಗ ಬೇಕು, ಇಕ್ಕಳ ಇಲ್ಲಿ, ಬಟ್ಟೆ ಅಲ್ಲಿ, ಇಲ್ಲದಿದ್ರೆ ಕೆಂಪು ಬೆಳಕಲ್ಲಿ ಕಂಗಾಲು. ಸುಡೆಕ್ ಸ್ಟುಡಿಯೋ ಅಂದ್ರೆ ಕಾಗದ, ದಾರ, ಡಬ್ಬಿ, ಒಣಗಿದ ಹೂವು, ನೆಗೆಟಿವ್ ಪೆಟ್ಟಿಗೆ ರಾಶಿ ರಾಶಿ, ಏನನ್ನೂ ಎಸೀತಿರ್ಲಿಲ್ಲ, ಕೊನೆಗೆ ಆ ರಾಶಿಯನ್ನೇ ಚಕ್ರವ್ಯೂಹ ಅನ್ನೋ ಅರ್ಥದ ಹೆಸರಿಟ್ಟು ಸರಣಿಯಾಗಿ ತೆಗೆದ. ಅದರೊಳಗೆ ಹೇಗೆ ಬೇಕಾದ್ದು ಸಿಗ್ತಿತ್ತೋ, ನನಗೆ ಬಗೆಹರಿದಿಲ್ಲ.

ಪ್ಲಾಸ್ಟರ್ ಆಗಸ್ಟ್ ಎರಡನೇ ವಾರ ತೆಗೆದ್ರು. ಕೈ ಬಿಗಿ ಇದೆ, ವ್ಯಾಯಾಮ ನಡೀತಿದೆ. ಲೆಕ್ಕ ಇಡೋರಿಗೆ: 26 ಶೀಟ್ ಖರ್ಚು, 9 ನೋಡೋ ಹಾಗಿರೋ ನೆಗೆಟಿವ್, 4 ಪ್ರಿಂಟ್ ಇಟ್ಕೊಂಡಿದೀನಿ, ಒಂದು ಆಚಾರ್ರಿಗೆ ಕೊಟ್ಟೆ. ಅವರು ಅದನ್ನ ಅಂಗೈ ಮೇಲೆ ಇಟ್ಕೊಂಡು ಬಾಗಿಲ ಬೆಳಕಿಗೆ ತಿರುಗಿಸಿ ನೋಡಿ, ಮೊದಲು ಕೇಳಿದ್ದು ಇದಕ್ಕೆ ಚೌಕಟ್ಟು ಯಾವ ಮರದಲ್ಲಿ ಮಾಡೋದು ಅಂತ.

ಬಾಕಿ ಇರೋ ಕೆಲಸ ಎರಡು. ಹೋಲ್ಡರ್ ಬಾಗಿಲ ಸೀಳಲ್ಲಿ ಇನ್ನೂ ಸಣ್ಣ ಲೀಕ್ ಇದೆ, ಬಿಸಿಲಲ್ಲಿ ತೆಗೆದ್ರೆ ಒಂದು ಬದಿ ಮಸಿ ಹಿಡಿಯುತ್ತೆ, ವೆಲ್ವೆಟ್ ಎರಡು ಪದರ ಮಾಡ್ಬೇಕು. ಇನ್ನೊಂದು ಪನೋರಮಾ, ಅಂದ್ರೆ ಅಡ್ಡಕ್ಕೆ ತುಂಬಾ ಉದ್ದ ಇರೋ ಚಿತ್ರ. ಸುಡೆಕ್ ಐವತ್ತು ದಾಟಿದ್ಮೇಲೆ ಒಂದು ಹಳೇ ಕೊಡಾಕ್ ಪನೋರಮಾ ಕ್ಯಾಮೆರಾ ಹಿಡಿದು, 10×30 ಸೆಂಟಿಮೀಟರ್ ನೆಗೆಟಿವ್‌ಗಳಲ್ಲಿ ಪ್ರಾಗ್ ಊರನ್ನೆಲ್ಲಾ ಸುತ್ತಿದ, 1959ರಲ್ಲಿ 284 ಚಿತ್ರಗಳ ಪುಸ್ತಕ ಬಂತು. ನನ್ನ ಹತ್ರ 10×12 ಇಂಚಿನ ಒಂದು ಡಬ್ಬಿ ಎಕ್ಸ್‌ರೇ ಫಿಲ್ಮ್ ಸಿಕ್ಕಿದೆ, ಉದ್ದಕ್ಕೆ ಸೀಳಿದ್ರೆ 4×12ರ ಎರಡು ಪಟ್ಟಿ. ಅಂಥ ಕ್ಯಾಮೆರಾಗೆ ಫಿಲ್ಮ್ ಕೂರೋ ಬಾಗಿದ ಹಿಂಬದಿ ಹೇಗೆ ಮಾಡೋದು ಅಂತ ಆಚಾರ್ರು ಸೀಮೆಸುಣ್ಣದಲ್ಲಿ ನೆಲದ ಮೇಲೆ ಗೆರೆ ಹಾಕಿದ್ದಾರೆ, ಅಮ್ಮ ಅದನ್ನ ಒರೆಸದೆ ಸುತ್ತು ಬಳಸಿ ಓಡಾಡ್ತಿದ್ದಾರೆ. ಇವತ್ತು ಬೆಳಗ್ಗೆಯಿಂದ ಮತ್ತೆ ಮಳೆ, ಗಾಜಿನ ಮೇಲೆ ಹನಿ ಕೂತಿದೆ, ಹೋಲ್ಡರಲ್ಲಿ ಒಂದು ಶೀಟ್ ಇದೆ, ಹೋಗ್ತೀನಿ.